ದವನ ಮತ್ತು ಅದರ ಎಣ್ಣೆ

ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆಯೆಂದೇ ಹೆಸರು. ಹಂಪಿಯಲ್ಲಿ ಅಂದು ವಿರೂಪಾಕ್ಷನ ತೇರು. ಹೊಸಪೇಟೆ, ಕಂಪ್ಲಿ, ಸಂಡೂರುಗಳಿಂದ ತೇರಿಗೆ ಹೋಗುವವರಿಗೆ ದವನ ಹೊಸದಲ್ಲ. ದೇವರ ಪೂಜೆಗೂ ಹೆಂಗಳೆಯರ ಹೂದಂಡೆಗೂ ಸಲ್ಲುವ ಈ ಬೂದುಹಸಿರು ಗಿಡದಿಂದ ಬೆಲೆಬಾಳುವ ಎಣ್ಣೆಯೂ ದೊರೆಯುತ್ತದೆಂಬುದು ಮಾತ್ರ ಹಲವರಿಗೆ ತಿಳಿಯದು.

ದವನವು ದಕ್ಷಿಣ ಭಾರತದ ಚಳಿಗಾಲದ ಬೆಳೆ. ನವೆಂಬರ್ ಸುಮಾರಿಗೆ ಬಿತ್ತಿ, ಹೂ ತುಂಬಿದ ಗಿಡವನ್ನು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕೊಯ್ಯುತ್ತಾರೆ. ನೆರಳಿನಲ್ಲಿ ಬಾಡಿಸಿದ ಸೊಪ್ಪಿಗೆ ಹಬೆ ಹಾಯಿಸಿದರೆ ಸುಗಂಧವು ಹಬೆಯೊಡನೆ ಹೊರಡುತ್ತದೆ. ಹಬೆ ತಣಿದು ನೀರಾದಾಗ ಎಣ್ಣೆ ಬೇರ್ಪಡುತ್ತದೆ. ಸಾವಿರ ಕಿಲೋ ಹಸಿ ಗಿಡಕ್ಕೆ ಸಿಗುವುದು ಒಂದೆರಡು ಕಿಲೋ ಮಾತ್ರ. ಇದರ ಮುಖ್ಯ ಘಟಕಕ್ಕೆ ದವನದ ಹೆಸರಿನಿಂದಲೇ ದವನೋನ್ ಎಂದು ಹೆಸರಿಟ್ಟಿದ್ದಾರೆ.

ಹಣ್ಣಿನ ಛಾಯೆಯುಳ್ಳ ಈ ಕಂಪನ್ನು ಅತ್ತರು ತಯಾರಕರು ಬಹಳವಾಗಿ ಮೆಚ್ಚುತ್ತಾರೆ. ಸುಗಂಧ ಚಿಕಿತ್ಸೆಯವರು ಮನಸ್ಸಿನ ನೆಮ್ಮದಿಗಾಗಿ ಬಳಸುತ್ತಾರೆ. ಪರಿಮಳ ಹಿತವೆನಿಸುವುದು ಸಹಜ. ಆದರೆ ಅದು ರೋಗವನ್ನು ಗುಣಪಡಿಸುತ್ತದೆನ್ನಲು ಮನುಷ್ಯರ ಮೇಲಿನ ಪರೀಕ್ಷೆಗಳ ಆಧಾರ ಸಾಲದು.

ಗಿಡದಲ್ಲಿ ಚದುರಿದ್ದ ಸಾರವೆಲ್ಲ ಎಣ್ಣೆಯ ಒಂದೊಂದು ಹನಿಯಲ್ಲಿ ಒತ್ತಾಗಿರುತ್ತದೆ. ಆದುದರಿಂದ ಹಾಗೆಯೇ ಚರ್ಮಕ್ಕೆ ಹಚ್ಚಬಾರದು. ಒಂದು ಚಮಚೆ ಕೊಬ್ಬರಿ ಎಣ್ಣೆಗೆ ಒಂದೇ ಹನಿ ಬೆರೆಸಿ, ಮೊದಲು ಮೊಳಕೈ ಒಳಭಾಗಕ್ಕೆ ಸವರಿ ನೋಡುವುದು ಒಳ್ಳೆಯದು. ಮನೆಮದ್ದೆಂದು ಕುಡಿಯಲೇಬಾರದು. ಗರ್ಭಿಣಿಯರೂ ಎಳೆಮಕ್ಕಳ ತಾಯಂದಿರೂ ವೈದ್ಯರನ್ನು ಕೇಳದೆ ಬಳಸದಿರುವುದು ಲೇಸು.