ಗಲ್ಫಿನಲ್ಲಿ ಅಂಗವಿಕಲರಾದವರಿಗೆ ಸಲ್ಲಬೇಕಾದ ಹಕ್ಕು

ಕಣ್ಣು ಕಾಣದ ಸಹಾಬಿ ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಮ್(ರ) ಅವರ ಕಥೆಯನ್ನು ಜುಮಾ ಖುತ್ಬಾಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಪ್ರವಾದಿ(ಸ) ಅವರು ಮಕ್ಕಾದ ಮುಖಂಡರೊಂದಿಗೆ ಮಾತಿನಲ್ಲಿದ್ದಾಗ ಇವರು ಬಂದು ಪ್ರಶ್ನೆ ಕೇಳಿದರು. ಪ್ರವಾದಿಯವರ ಮುಖದಲ್ಲಿ ಬೇಸರ ಮೂಡಿತು. ಅಲ್ಲಾಹನು ಅದರ ಬಗ್ಗೆ ಎಚ್ಚರಿಸಿದ್ದು ಪವಿತ್ರ ಕುರ್‌ಆನಿನ 80ನೇ ಅಧ್ಯಾಯ ‘ಅಬಸ’ದಲ್ಲಿದೆ. ಖುತ್ಬಾ ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತದೆ. ಆಮೇಲೆ ಇದೇ ಸಹಾಬಿ ಮದೀನಾದಲ್ಲಿ ಬಿಲಾಲ್(ರ) ಜೊತೆಗೆ ಅಝಾನ್ ಕೊಡುವವರಾದರು. ಪ್ರವಾದಿ(ಸ) ಊರಿನಿಂದ ಹೊರಗೆ ಹೋಗುವಾಗ ಹಲವು ಬಾರಿ ಮದೀನಾದ ಹೊಣೆಯನ್ನು ಇವರಿಗೇ ಒಪ್ಪಿಸಿದರು. ಮುಂದೆ ಉಮಯ್ಯಾ ಖಲೀಫ ವಲೀದ್ (ಕ್ರಿ.ಶ. 705–715) ಕುರುಡರಿಗೆ ದಾರಿ ತೋರುವವರನ್ನೂ ನಡೆಯಲಾಗದವರಿಗೆ ಸೇವಕರನ್ನೂ ಸರ್ಕಾರದಿಂದಲೇ ಕೊಟ್ಟರೆಂದು ಇತಿಹಾಸಕಾರರು ಬರೆದಿದ್ದಾರೆ. ಅಂಗವಿಕಲನಿಗೆ ಸಲ್ಲಬೇಕಾದದ್ದು ಹಕ್ ಎಂಬ ತಿಳಿವಳಿಕೆ ನಮ್ಮಲ್ಲಿ ಅಷ್ಟು ಹಳೆಯದು.

ಪರಶುರಾಂಪುರ, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಳೆ ನಂಬಿದ ಶೇಂಗಾ ಬೇಸಾಯ. ಮಳೆ ಕೈಕೊಟ್ಟರೆ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ, ಕೆಲವರು ಗಲ್ಫಿಗೆ. ಡ್ರೈವರ್, ಮೇಸ್ತ್ರಿ, ಎಲೆಕ್ಟ್ರಿಷಿಯನ್, ಹೋಟೆಲ್ ಕೆಲಸ. ಅಂಥವನೊಬ್ಬ ದಮ್ಮಾಮಿನಲ್ಲಿ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಎಂದಿಟ್ಟುಕೊಳ್ಳಿ. ಊರಿಗೆ ಫೋನ್ ಬರುತ್ತದೆ, ಮಸೀದಿಯಲ್ಲಿ ಚಂದಾ ಎತ್ತುತ್ತೇವೆ. ಚಂದಾ ಕೊಡುವುದು ಒಳ್ಳೆಯದೇ. ಆದರೆ ಅವನಿಗೆ ಕಂಪನಿಯಿಂದಲೂ ವಿಮೆಯಿಂದಲೂ ಬರಬೇಕಾದ ಹಣ ಅಲ್ಲೇ ಉಳಿದುಹೋದರೆ, ನಾವು ಎತ್ತಿದ ಚಂದಾ ಅದಕ್ಕೆ ಸಾಟಿಯಾಗದು. ಶರೀಅತ್ತೂ ಇದನ್ನು ದಾನವೆಂದು ಎಣಿಸಿಲ್ಲ. ಇನ್ನೊಬ್ಬನಿಂದಾದ ಹಾನಿಯಲ್ಲಿ ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ ಅರ್ಧ ದಿಯತ್ ಕೊಡಬೇಕೆಂದು ಫಿಕ್‌ಹ್ ಗ್ರಂಥಗಳು ಲೆಕ್ಕ ಹಾಕಿಟ್ಟಿವೆ.

ಮೊದಲ ಹಣ ನಮ್ಮ ದೇಶದ್ದೇ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದು. ಅವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೈನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು. ಅದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ತೀರಿಕೊಂಡರೆ ಅಥವಾ ಶಾಶ್ವತ ಅಂಗವಿಕಲತೆಯಿಂದ ಕೆಲಸ ಹೋದರೆ 10 ಲಕ್ಷ ರೂಪಾಯಿ. ಇಷ್ಟು ಕಡಿಮೆ ಕಂತಿಗೆ ಇಷ್ಟು ದೊಡ್ಡ ಮೊತ್ತ ಬೇರೆಲ್ಲೂ ಸಿಗುವುದು ಕಷ್ಟ. ಆದರೆ ಏಜೆಂಟನ ಮಾತು ಕೇಳಿ ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸಕ್ಕೆ ಸೇರುವವರಿಗೆ ಅನುಮತಿಯೂ ಇಲ್ಲ, ಈ ವಿಮೆಯೂ ಇಲ್ಲ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ತೆರಿಗೆ. ಅದಕ್ಕಿಂತ ಎರಡು ಮೂರು ಪಟ್ಟು ಕೊಟ್ಟು ವಿಮೆಯಿಲ್ಲದೆ ಹೋಗುವುದು ಯಾವ ಲೆಕ್ಕ? ಹತ್ತನೇ ಪಾಸಾದವರಿಗೆ ಈ ಕಡ್ಡಾಯ ವಿಮೆ ಇಲ್ಲ. ಅವರು ತಾವೇ ಅಪಘಾತ ವಿಮೆ ಮಾಡಿಸಿಕೊಂಡು ಹೊರಡಲಿ.

ಎರಡನೆಯದು ಕೆಲಸ ಕೊಟ್ಟ ದೇಶದ ಕಾನೂನು. ಸೌದಿಯಲ್ಲಿ ‘ಗೋಸಿ’ ಎಂದು ಎಲ್ಲರೂ ಕರೆಯುವ ಸಾಮಾಜಿಕ ವಿಮಾ ಸಂಸ್ಥೆಯಿದೆ. ವಿದೇಶಿ ಕಾರ್ಮಿಕನ ಹೆಸರಿನಲ್ಲಿ ಮಾಲೀಕ ಸಂಬಳದ ಶೇ. 2ರಷ್ಟನ್ನು ಕೆಲಸದ ಅಪಾಯ ವಿಮೆಗೆ ಕಟ್ಟಬೇಕು. ಕಾರ್ಮಿಕನ ಸಂಬಳದಿಂದ ಅದನ್ನು ಹಿಡಿಯುವಂತಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆ, ಕೆಲಸವಿಲ್ಲದ ದಿನಗಳಿಗೆ ಭತ್ಯೆ, ಅಂಗವಿಕಲತೆ ಉಳಿದರೆ ವೈದ್ಯಕೀಯ ಮಂಡಳಿ ಹೇಳಿದ ಶೇಕಡಾವಾರಿನಂತೆ ಪರಿಹಾರ. ಸೌದಿ ಪ್ರಜೆಗೆ ಅದು ಮಾಸಿಕ ಪಿಂಚಣಿಯಾಗಿ ಬರುತ್ತದೆ, ನಮ್ಮವರಿಗೆ ಒಂದೇ ಗಂಟಾಗಿ. ಮನೆ ಡ್ರೈವರ್ ಮತ್ತು ಮನೆಗೆಲಸದವರು ಗೋಸಿಯ ಹೊರಗೆ. ಅವರಿಗೆ ಮೇಲೆ ಹೇಳಿದ ಭಾರತದ ವಿಮೆ ಇನ್ನೂ ಹೆಚ್ಚು ಅಗತ್ಯ.

ಯುಎಇಯಲ್ಲಿ 2021ರ 33ನೇ ಕಾರ್ಮಿಕ ಕಾನೂನಿನ ಪ್ರಕಾರ ಗಾಯಾಳುವಿನ ಚಿಕಿತ್ಸೆ ಮಾಲೀಕನದು. ಆರು ತಿಂಗಳು ಪೂರ್ತಿ ಸಂಬಳ, ಗುಣವಾಗದಿದ್ದರೆ ಮುಂದಿನ ಆರು ತಿಂಗಳು ಅರ್ಧ. ಸಂಪೂರ್ಣ ಶಾಶ್ವತ ಅಂಗವಿಕಲತೆಗೆ 24 ತಿಂಗಳ ಮೂಲ ವೇತನ. ಅದು 18,000 ದಿರ್ಹಮ್‌ಗಿಂತ ಕಡಿಮೆಯಾಗಬಾರದು, 200,000 ಮೀರಬಾರದು. ಇಲ್ಲಿ ‘ಮೂಲ ವೇತನ’ ಎಂಬ ಮಾತನ್ನು ಗಮನಿಸಿ. ತಿಂಗಳಿಗೆ 2,000 ದಿರ್ಹಮ್ ಎಂದು ಹೇಳಿ, ಒಪ್ಪಂದದಲ್ಲಿ ಮೂಲ ವೇತನ 1,000, ಉಳಿದದ್ದು ಭತ್ಯೆ ಎಂದು ಬರೆದಿದ್ದರೆ ಪರಿಹಾರ 48,000 ಆಗದೆ 24,000 ಆಗುತ್ತದೆ. ಹೊರಡುವ ಮುಂಚೆ ಒಪ್ಪಂದವನ್ನು ಓದಬಲ್ಲವರಿಂದ ಓದಿಸಿಕೊಳ್ಳಿ. ನಮ್ಮಲ್ಲಿ ಟಿಕೆಟ್ ನೋಡುತ್ತಾರೆ, ಒಪ್ಪಂದ ನೋಡುವುದಿಲ್ಲ.

ಹೆಚ್ಚಿನವರು ಸೋಲುವುದು ಇನ್ನೊಂದು ಕಡೆ. ಆಸ್ಪತ್ರೆಯಲ್ಲಿ ಮಲಗಿದವನ ಮುಂದೆ ಅರಬಿ ಕಾಗದ ಹಿಡಿದು “ಸಹಿ ಹಾಕಿ ಊರಿಗೆ ಹೋಗು, ಹಣ ಆಮೇಲೆ ಕಳಿಸುತ್ತೇವೆ” ಎನ್ನುತ್ತಾರೆ. ಮನೆಯವರ ಮುಖ ನೋಡುವ ಆಸೆಯಲ್ಲಿ ಅವನು ಸಹಿ ಹಾಕುತ್ತಾನೆ. ಆ ಕಾಗದದಲ್ಲಿ ಎಲ್ಲ ಬಾಕಿ ಮುಟ್ಟಿದೆ ಎಂದು ಬರೆದಿರಬಹುದು. ವೈದ್ಯಕೀಯ ಮಂಡಳಿ ಶೇಕಡಾವಾರು ನಿರ್ಧರಿಸುವ ಮೊದಲೇ ದೇಶ ಬಿಟ್ಟರೆ ಹಕ್ಕು ಕೇಳುವುದು ಬಹಳ ಕಷ್ಟ. ಆದ್ದರಿಂದ ಆಸ್ಪತ್ರೆ ವರದಿ, ಅಪಘಾತದ ವರದಿ, ಇಕಾಮಾ ಮತ್ತು ಒಪ್ಪಂದದ ಫೋಟೋಗಳನ್ನು ಮೊದಲ ದಿನವೇ ವಾಟ್ಸಾಪಿನಲ್ಲಿ ಮನೆಗೆ ತರಿಸಿಕೊಳ್ಳಿ. ಬರಲೇಬೇಕಾದರೆ ಅಲ್ಲಿ ನಂಬಿಕಸ್ಥರೊಬ್ಬರಿಗೆ ದೂತಾವಾಸದ ಮೂಲಕ ಪವರ್ ಆಫ್ ಅಟಾರ್ನಿ ಕೊಟ್ಟು ಬರಲಿ.

ದೂತಾವಾಸವೆಂದರೆ ಪಾಸ್‌ಪೋರ್ಟ್ ಕಚೇರಿಯೆಂದೇ ನಮ್ಮವರು ತಿಳಿದಿದ್ದಾರೆ. 2009ರಿಂದ ಅಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕಷ್ಟದಲ್ಲಿರುವ ಬಡವರಿಗೆ ತುರ್ತು ಚಿಕಿತ್ಸೆ, ವಸತಿ, ವಕೀಲರ ನೆರವು, ಊರಿಗೆ ಬರುವ ವಿಮಾನ ಟಿಕೆಟ್‌ಗಳನ್ನು ಅದರಿಂದ ಕೊಡಬಹುದು. ಸ್ಟ್ರೆಚರ್‌ನಲ್ಲಿ ಬರುವವರಿಗೆ ಹಲವು ಸೀಟುಗಳ ಹಣ ಬೇಕಾಗುತ್ತದೆ. ಆಗ ಈ ನಿಧಿಯನ್ನು ಕೇಳಲೇಬೇಕು. ಊರಲ್ಲಿರುವ ಮನೆಯವರು ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಶುಲ್ಕವಿಲ್ಲ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಸಂಖ್ಯೆ 1800 11 3090. ದುಬೈಯಲ್ಲಿರುವವರು 800 46342ಕ್ಕೆ ಕರೆ ಮಾಡಬಹುದು. ಕರಾವಳಿಯವರಿಗೆ ಬ್ಯಾರೀಸ್ ಕಲ್ಚರಲ್ ಫೋರಂ, ಕರ್ನಾಟಕ ಕಲ್ಚರಲ್ ಫೌಂಡೇಶನ್‌ಗಳಂಥ ಸಂಘಟನೆಗಳ ಆಸರೆಯಿದೆ. ಬಯಲುಸೀಮೆಯ ಹುಡುಗ ಅಲ್ಲಿ ಒಂಟಿ. ಕನ್ನಡದವನೆಂದು ಹೇಳಿ ಅವರನ್ನು ಸಂಪರ್ಕಿಸಲು ಸಂಕೋಚ ಬೇಡ.

ಕುಟುಂಬ ಸಮೇತ ಅಲ್ಲಿರುವವರ ಮನೆಯಲ್ಲಿ ವಿಕಲಚೇತನ ಮಗುವಿದ್ದರೆ ಮಾತು ಬೇರೆ. ಗಲ್ಫ್ ಸರ್ಕಾರಗಳ ಮಾಸಾಶನ ಸಾಮಾನ್ಯವಾಗಿ ಅಲ್ಲಿನ ಪ್ರಜೆಗಳಿಗೆ ಮಾತ್ರ. ಆದರೂ ದುಬೈಯ ‘ಸನದ್’ ಕಾರ್ಡ್ ಅಲ್ಲಿನ ವಿದೇಶಿ ನಿವಾಸಿಗಳಿಗೂ ಸಿಗುತ್ತದೆ, ಅದರಿಂದ ಹಲವು ರಿಯಾಯಿತಿಗಳಿವೆ. ಯುಎಇ 2017ರಿಂದ ಅಂಗವಿಕಲರನ್ನು ‘ಅಸ್ಹಾಬುಲ್ ಹಿಮಮ್’, ಎಂದರೆ ದೃಢಸಂಕಲ್ಪದವರು, ಎಂದು ಕರೆಯುತ್ತಿದೆ. ದುಬೈಯ ಅಲ್ ನೂರ್ ಕೇಂದ್ರ, ಶಾರ್ಜಾದ ಮಾನವೀಯ ಸೇವೆಗಳ ನಗರ ಬೇರೆ ದೇಶಗಳ ಮಕ್ಕಳನ್ನೂ ಸೇರಿಸಿಕೊಳ್ಳುತ್ತವೆ. ಆಸ್ಟ್ರೇಲಿಯಾಕ್ಕೆ ಹೋಗುವವರು ತಿಳಿದಿರಲಿ: ಅಲ್ಲಿನ ರಾಷ್ಟ್ರೀಯ ಅಂಗವಿಕಲತೆ ವಿಮೆ ತಾತ್ಕಾಲಿಕ ವೀಸಾದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ಊರಿಗೆ ಮರಳಿದ ಮೇಲೆ ಮೊದಲ ಕೆಲಸ ಯುಡಿಐಡಿ ಗುರುತಿನ ಚೀಟಿ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. 2016ರ ಕಾಯ್ದೆಯ 21 ಬಗೆಯ ಅಂಗವಿಕಲತೆಗಳಿಗೂ ಇದೇ ಚೀಟಿ. ಮಾಸಾಶನ, ಬಸ್ ಪಾಸ್, ಗಾಲಿಕುರ್ಚಿ ಎಲ್ಲಕ್ಕೂ ಇದನ್ನೇ ಕೇಳುತ್ತಾರೆ. ಅರ್ಜಿ ಬರೆಯಲು ಬಾರದಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅದು ಅವರದೇ ಕೆಲಸ. ಹೋಗುವಾಗ ಗಲ್ಫಿನ ಆಸ್ಪತ್ರೆಯ ಕಾಗದಗಳನ್ನೂ ಜೊತೆಗೆ ಒಯ್ಯಿರಿ. ಅವು ಅರಬಿಯಲ್ಲೇ ಇದ್ದರೆ ಮದ್ರಸಾದ ಉಸ್ತಾದರಿಂದ ಅರ್ಥ ತಿಳಿದುಕೊಳ್ಳಬಹುದು. ವಿಮಾ ಕಂಪನಿಗೆ ಕೊಡುವಾಗ ಮಾತ್ರ ಅಧಿಕೃತ ಅನುವಾದ ಬೇಕಾಗಬಹುದು.