ಕೆಚ್ಚಲು ಬಾವು: ಹಾಲು ಬೆಳ್ಳಗಿದ್ದರೂ ಪ್ರೋಟೀನ್ ಬೇರೆ

ಹಂಗಾರಕಟ್ಟೆ: ಮಳೆಗಾಲ ಬಂತೆಂದರೆ ಕರಾವಳಿಯ ಹೈನುಗಾರರಿಗೆ ಕೆಚ್ಚಲು ಬಾವಿನ ಚಿಂತೆ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಹಂಗಾರಕಟ್ಟೆಯಂಥ ಊರುಗಳಲ್ಲಿ ಈ ಅವಧಿಯಲ್ಲಿ ಹಟ್ಟಿಯ ನೆಲ ಒಣಗುವುದೇ ಕಷ್ಟ. ತೇವ, ಸೆಗಣಿಯ ನಡುವೆ ಬೆಳೆಯುವ ಬ್ಯಾಕ್ಟೀರಿಯಾಗಳು ಮೊಲೆತೊಟ್ಟಿನ ರಂಧ್ರದ ಮೂಲಕ ಕೆಚ್ಚಲನ್ನು ಪ್ರವೇಶಿಸುತ್ತವೆ.

ಕೆಚ್ಚಲು ಊದಿಕೊಂಡು, ಹಾಲು ಗರಣೆಗಟ್ಟಿದರೆ ರೋಗ ಕಣ್ಣಿಗೆ ಬೀಳುತ್ತದೆ. ಆದರೆ ಗುಪ್ತ ರೂಪದ ಬಾವಿನಲ್ಲಿ ಹಸುವೂ ಹಾಲೂ ಆರೋಗ್ಯವಾಗಿರುವಂತೆಯೇ ಕಾಣುತ್ತವೆ. ಬದಲಾವಣೆ ನಡೆಯುವುದು ಹಾಲಿನ ಒಳಗೆ.

ಏನಾಗುತ್ತದೆ?

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80ರಷ್ಟು ಕೇಸೀನ್. ಹಾಲು ಗಟ್ಟಿ ಮೊಸರಾಗುವುದು, ಪನೀರ್ ಆಗುವುದು ಇದರಿಂದಲೇ. ಸೋಂಕು ತಗಲಿದಾಗ ಅದನ್ನು ಎದುರಿಸಲು ರಕ್ತದ ಬಿಳಿಕಣಗಳು ಕೆಚ್ಚಲಿಗೆ ಧಾವಿಸುತ್ತವೆ. ಪ್ಲಾಸ್ಮಿನ್ ಮುಂತಾದ ಕಿಣ್ವಗಳು ಚುರುಕಾಗಿ ಕೇಸೀನನ್ನು ತುಂಡರಿಸುತ್ತವೆ. ಹಾಲು ಉತ್ಪಾದಿಸುವ ಜೀವಕೋಶಗಳ ನಡುವಿನ ಬಿಗಿ ಸಡಿಲವಾಗಿ, ರಕ್ತದ ಆಲ್ಬುಮಿನ್ ಮತ್ತು ರೋಗನಿರೋಧಕ ಪ್ರೋಟೀನುಗಳು ಹಾಲಿಗೆ ಸೋರುತ್ತವೆ. ಬ್ಯಾಕ್ಟೀರಿಯಾಗಳಿಗೆ ಕಬ್ಬಿಣಾಂಶ ಸಿಗದಂತೆ ತಡೆಯುವ ಲ್ಯಾಕ್ಟೋಫೆರಿನ್ ಸಹ ಹೆಚ್ಚುತ್ತದೆ.

ಒಂದು ಇಳಿದು ಇನ್ನೊಂದು ಏರುವುದರಿಂದ ಒಟ್ಟು ಪ್ರೋಟೀನಿನ ಪ್ರಮಾಣ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹೀಗಾಗಿ ಬರಿಯ ಪ್ರೋಟೀನ್ ಅಳತೆಯಿಂದ ರೋಗ ಪತ್ತೆಯಾಗದು.

ನಷ್ಟ ಯಾರಿಗೆ?

ಮೊದಲ ಪೆಟ್ಟು ಹೈನುಗಾರರಿಗೆ. ಹಾಲಿನ ಇಳುವರಿ ತಗ್ಗುತ್ತದೆ. ಲ್ಯಾಕ್ಟೋಸ್ ಕುಸಿದು ಜಿಡ್ಡೇತರ ಘನಾಂಶ ಇಳಿದರೆ ಸೊಸೈಟಿಯಲ್ಲಿ ದರವೂ ಇಳಿಯುತ್ತದೆ. ನೀರು ಬೆರೆಸಿದ್ದಾರೆಂಬ ಅನುಮಾನಕ್ಕೂ ಎಡೆಯಾಗಬಹುದು. ಗ್ರಾಹಕರಿಗೆ ಸಿಗುವುದು ಸಡಿಲ ಮೊಸರು, ಕಡಿಮೆ ಪನೀರ್. ಪ್ಲಾಸ್ಮಿನ್ ಪ್ಯಾಶ್ಚರೀಕರಣದ ಶಾಖವನ್ನೂ ತಾಳಿಕೊಳ್ಳುವುದರಿಂದ ಹಾನಿ ಪ್ಯಾಕೆಟ್ಟಿನಲ್ಲೂ ಮುಂದುವರಿಯುತ್ತದೆ.

ಪತ್ತೆ ಹೇಗೆ?

1957ರಲ್ಲಿ ಶಾಮ್ ಮತ್ತು ನೂರ್ಲ್ಯಾಂಡರ್ ರೂಪಿಸಿದ ಕ್ಯಾಲಿಫೋರ್ನಿಯಾ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ನಾಲ್ಕೂ ಮೊಲೆಗಳ ಹಾಲನ್ನು ಬೇರೆಬೇರೆ ಬಟ್ಟಲಿಗೆ ಕರೆದು, ಮಾರ್ಜಕದ ದ್ರಾವಣ ಬೆರೆಸಿ ತಿರುಗಿಸಬೇಕು. ಜೀವಕಣಗಳು ಒಡೆದು ಅವುಗಳ ಡಿಎನ್‌ಎ ಹೊರಬಂದರೆ ಹಾಲು ಲೋಳೆಯಂತಾಗುತ್ತದೆ. ಒಂದು ಮಿಲಿಲೀಟರಿನಲ್ಲಿ 2 ಲಕ್ಷಕ್ಕೂ ಹೆಚ್ಚು ಜೀವಕಣಗಳಿದ್ದರೆ ಸೋಂಕಿನ ಸೂಚನೆಯೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ.

ಔಷಧಿಯಿಂದ ಬ್ಯಾಕ್ಟೀರಿಯಾ ನಾಶವಾದ ಕೂಡಲೇ ಹಾಲು ಮೊದಲಿನಂತಾಗದು. ಆಂಟಿಬಯೋಟಿಕ್ ನೀಡಿದ್ದರೆ ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸೊಸೈಟಿಗೆ ಹಾಕಬಾರದು. ಆದ್ದರಿಂದ ಬಾರದಂತೆ ತಡೆಯುವುದೇ ಲಾಭ. ಕರೆಯುವ ಮೊದಲು ಕೆಚ್ಚಲು ತೊಳೆದು ಒರೆಸಬೇಕು, ಕರೆದ ಬಳಿಕ ಮೊಲೆತೊಟ್ಟನ್ನು ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಬೇಕು. ರಂಧ್ರ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಹಸು ಮಲಗದಂತೆ ಎದುರಿಗೆ ಒಂದಿಷ್ಟು ಹುಲ್ಲು ಹಾಕಿದರೆ ಸಾಕು.