ಪ್ರಕೃತಿ ಚಿಕಿತ್ಸೆ ಅಂದ್ರೆ ಕಷಾಯ ಅಲ್ಲ!

ಪ್ರಕೃತಿ ಚಿಕಿತ್ಸೆ ಅಂದ ಕೂಡಲೇ ಬಹಳ ಜನ ಕಷಾಯ, ಚೂರ್ಣ ಅಂದುಕೊಳ್ತಾರೆ. ಅಸಲಿಗೆ ಇದರಲ್ಲಿ ಔಷಧಿಯೇ ಇಲ್ಲ. ನೀರು, ಮಣ್ಣು, ಬಿಸಿಲು, ಉಪವಾಸ, ಮಿತ ಆಹಾರ ಇಷ್ಟೇ. ದೇಹ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತೆ ಅನ್ನೋದು ಮೂಲ ನಂಬಿಕೆ.

ಈಗಿನ ಪದ್ಧತಿ ಬೆಳೆದದ್ದು 19ನೇ ಶತಮಾನದ ಯುರೋಪಿನಲ್ಲಿ. ಪ್ರೀಸ್ನಿಟ್ಸ್ ಎಂಬ ರೈತ ತಣ್ಣೀರಿನ ಚಿಕಿತ್ಸೆಗೆ ಹೆಸರಾದರು. ಜರ್ಮನಿಯ ಅಡಾಲ್ಫ್ ಜುಸ್ಟ್ ಪುಸ್ತಕ ಓದಿದ ಗಾಂಧೀಜಿ ಮಲಬದ್ಧತೆಗೆ ಹೊಟ್ಟೆ ಮೇಲೆ ಒದ್ದೆ ಮಣ್ಣಿನ ಪಟ್ಟಿ ಕಟ್ಟಿಕೊಂಡರು. 1946ರಲ್ಲಿ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ಚಿಕಿತ್ಸಾ ಕೇಂದ್ರವನ್ನೇ ಆರಂಭಿಸಿದರು.

ದಿನವಿಡೀ ಗಲ್ಲಾ ಮುಂದೆ ಕೂರುವವರಿಗೆ ನಡಿಗೆ, ಹೊತ್ತಿಗೆ ಸರಿಯಾಗಿ ಊಟ ಒಳ್ಳೇದೇ. ಆದರೆ ಶುಗರ್ ಇರುವವರು ಹುಷಾರು. ಮಾತ್ರೆ ನುಂಗಿ ಉಪವಾಸ ಮಾಡಿದರೆ ಶುಗರ್ ಕುಸಿಯಬಹುದು, ಮಾತ್ರೆಯನ್ನೇ ಬಿಟ್ಟರೆ ಏರುತ್ತೆ. ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಬೋರ್ಡ್ ಹಾಕಿದವರು ಬಿಎನ್‌ವೈಎಸ್ ಓದಿದ್ದಾರಾ ಅಂತಲೂ ವಿಚಾರಿಸಿ.